ಹಿಡಿತದ ಬಲಕ್ಕೆ ಯಾವ ಸಾಮಾನು ಬೇಕು, ಯಾವುದು ಬೇಡ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಡೆಡ್‌ಲಿಫ್ಟ್, ಅಂದರೆ ನೆಲದಿಂದ ಭಾರದ ಬಾರ್ ಎತ್ತುವ ವ್ಯಾಯಾಮ, ಮಾಡುವಾಗ ಬೆನ್ನು ಸೋಲುವ ಮೊದಲೇ ಬೆರಳು ಬಿಚ್ಚಿಕೊಳ್ಳುತ್ತದೆ. ಮೊಸರುಕುಡಿಕೆಯ ಹಗ್ಗಜಗ್ಗಾಟದಲ್ಲಿ ಕಾಲು ಗಟ್ಟಿಯಾಗಿ ಊರಿ ನಿಂತಿದ್ದರೂ ಹಗ್ಗ ಅಂಗೈಯಿಂದ ಜಾರುತ್ತದೆ. ಕಬಡ್ಡಿಯಲ್ಲಿ ರೈಡರ್‌ನ ಪಾದ ಕೈಗೆ ಸಿಕ್ಕಿಯೂ ತಪ್ಪಿಹೋಗುತ್ತದೆ. ಹಿಡಿತ ಸಾಲದು ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮೊಬೈಲ್ ತೆಗೆದು ಹ್ಯಾಂಡ್ ಗ್ರಿಪ್ಪರ್, ಅಂದರೆ ಮುಷ್ಟಿಯಲ್ಲಿ ಒತ್ತುವ ಸ್ಪ್ರಿಂಗ್ ಹಿಡಿ, ಆರ್ಡರ್ ಮಾಡುತ್ತಾರೆ. ಒಂದು ವಾರ ಟಿವಿ ನೋಡುತ್ತಾ ಒತ್ತುತ್ತಾರೆ. ಆಮೇಲೆ ಅದು ಕಪಾಟು ಸೇರುತ್ತದೆ. ಮಳೆಗಾಲ ಮುಗಿಯುವಾಗ ಸ್ಪ್ರಿಂಗ್ ಕೆಂಪಗಾಗಿರುತ್ತದೆ.

ಗ್ರಿಪ್ಪರ್ ಕೆಟ್ಟದ್ದೇನಲ್ಲ. ಆದರೆ ಕೈ ಮಾಡುವ ಹಲವು ಕೆಲಸಗಳಲ್ಲಿ ಅದು ಒಂದನ್ನು ಮಾತ್ರ ಬಲಪಡಿಸುತ್ತದೆ. ಅದರಲ್ಲಿ ಭಾರ ಏರಿಸುವುದೂ ಕಷ್ಟ. ಯಾವ ಸಾಮಾನು ಕಂಡರೂ ನಾನು ಮೊದಲು ನೋಡುವುದು ಇಷ್ಟನ್ನೇ: ಇದರಲ್ಲಿ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಲು ಬರುತ್ತದಾ? ಎಷ್ಟು ಏರಿಸಿದೆ ಅಂತ ಸರಿಯಾಗಿ ಗೊತ್ತಾಗುತ್ತದಾ? ಎರಡಕ್ಕೂ ಹೌದು ಅನ್ನಿಸಿದರೆ ಅದು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಎಷ್ಟು ಚೆಂದ ಕಂಡರೂ ಕೆಲವೇ ತಿಂಗಳ ಸಾಮಾನು. ಹಾಗೆ ನೋಡಿದಾಗ ಮೊದಲು ಬೇಕಾದದ್ದು ಆನ್‌ಲೈನ್ ಅಂಗಡಿಯಲ್ಲಿಲ್ಲ. ಅದು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 1: ಕೈ ಎಲ್ಲಿ ಸೋಲುತ್ತಿದೆ ಅಂತ ನೋಡಿ

ಬೆರಳಿನೊಳಗೆ ಅದನ್ನು ಮಡಚುವ ಸ್ನಾಯುಗಳಿಲ್ಲ. ಆ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಎಲುಬಿಗೆ ಜೋಡಿಸುವ ಗಟ್ಟಿ ನಾರುಗಳು, ಮಣಿಗಂಟು ದಾಟಿ ಬೆರಳ ತುದಿವರೆಗೆ ಹೋಗುತ್ತವೆ. ಬಾವಿಯ ರಾಟೆಯಲ್ಲಿ ಹಗ್ಗ ಓಡುವ ಹಾಗೆ ಅವು ಬೆರಳಿನ ಸಣ್ಣ ಉಂಗುರಗಳೊಳಗೆ ಓಡುತ್ತವೆ. ಒಂದು ಕೈಯ ಮುಷ್ಟಿ ಬಿಗಿ ಮಾಡಿ, ಇನ್ನೊಂದು ಕೈಯಲ್ಲಿ ಮೊಣಕೈಯ ಸ್ವಲ್ಪ ಕೆಳಗೆ ಒಳಬದಿಯನ್ನು ಮುಟ್ಟಿ ನೋಡಿ. ಅಲ್ಲಿ ಗಟ್ಟಿಯಾಗುವುದು ಗೊತ್ತಾಗುತ್ತದೆ. ಹೆಬ್ಬೆರಳಿನ ಕಥೆ ಬೇರೆ. ಅದಕ್ಕೆ ಬುಡದಲ್ಲೇ, ಅಂಗೈಯ ಆ ದಪ್ಪ ಭಾಗದಲ್ಲಿ, ಸ್ವಂತ ಸ್ನಾಯುಗಳಿವೆ. ಆದ್ದರಿಂದಲೇ ವರ್ಷಗಟ್ಟಲೆ ಗ್ರಿಪ್ಪರ್ ಒತ್ತಿದವರ ಹೆಬ್ಬೆರಳೂ ಬಲವಿಲ್ಲದೆ ಉಳಿಯಬಹುದು.

ಹಿಡಿತವನ್ನು ಹೀಗೆ ವಿಂಗಡಿಸಿಕೊಳ್ಳಿ. ಮುಷ್ಟಿಯೊಳಗೆ ಹಿಂಡುವುದು ಒಂದು. ಬಾರ್, ಹಗ್ಗ, ಕೊಡಪಾನದ ಕುತ್ತಿಗೆ ಇವನ್ನು ಬಿಡದೆ ಹಿಡಿದಿರುವುದು ಇನ್ನೊಂದು. ಇದರಲ್ಲಿ ಕೈ ಅಲುಗುವುದಿಲ್ಲ, ಭಾರ ಬೆರಳನ್ನು ಬಿಚ್ಚಲು ನೋಡುತ್ತದೆ. ಹಂಚು, ಹಲಗೆ, ಪ್ಲೇಟ್ (ಬಾರ್‌ಗೆ ಪೋಣಿಸುವ ಭಾರದ ತಟ್ಟೆ) ಹಿಡಿಯುವಾಗ ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಇನ್ನೊಂದು ಕಡೆ. ಅದು ಪಿಂಚ್ ಹಿಡಿತ. ಹಿಡಿ ದಪ್ಪವಾಗಿ ಹೆಬ್ಬೆರಳು ಬೆರಳಿಗೆ ತಾಗದೇ ಇದ್ದಾಗ ಬಿಡದೆ ಹಿಡಿಯುವುದು, ಪಿಂಚ್ ಎರಡೂ ಸೇರುತ್ತವೆ, ಅದನ್ನು ದಪ್ಪ ಹಿಡಿತ ಅನ್ನೋಣ. ಇವಲ್ಲದೆ ಮಣಿಗಂಟು ಉಂಟು, ಬೆರಳು ಬಿಡಿಸುವ ಸ್ನಾಯುಗಳೂ ಉಂಟು.

ಡೆಡ್‌ಲಿಫ್ಟ್, ಪುಲ್-ಅಪ್, ಹಗ್ಗಜಗ್ಗಾಟದವರಿಗೆ ಬೇಕಾದದ್ದು ಬಿಡದೆ ಹಿಡಿಯುವ ಬಲ. ಕಬಡ್ಡಿಯವರಿಗೆ ದಪ್ಪ ಹಿಡಿತ. ಪಾದ, ತೊಡೆ, ಸೊಂಟ ಯಾವುದೂ ಸಪೂರ ಬಾರ್ ಅಲ್ಲವಲ್ಲ. ಪಂಜ ಕುಸ್ತಿಯವರಿಗೆ ಮಣಿಗಂಟೇ ಮುಖ್ಯ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವರಿಗೆ ಸಾಮಾನೇ ಬೇಡ, ಹಿಡಿಯುವ ಕ್ರಮ ಬದಲಾದರೆ ಸಾಕು. ವೇಟ್‌ಲಿಫ್ಟಿಂಗ್‌ನಲ್ಲಿ ಹೆಬ್ಬೆರಳನ್ನು ಬಾರ್‌ಗೆ ಸುತ್ತಿ, ಅದರ ಮೇಲೆ ಬೆರಳುಗಳನ್ನು ಒತ್ತಿ ಹಿಡಿಯುತ್ತಾರೆ. ಇದು ಹುಕ್ ಗ್ರಿಪ್. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರಲ್ಲ, ಆ ಕ್ರೀಡೆಯ ಮೂಲ ಹಿಡಿತವೇ ಅದು. ಶುರುವಿನಲ್ಲಿ ಹೆಬ್ಬೆರಳು ಚೆನ್ನಾಗಿ ನೋಯುತ್ತದೆ, ಕೆಲವು ವಾರದಲ್ಲಿ ಒಗ್ಗುತ್ತದೆ. ಡೆಡ್‌ಲಿಫ್ಟ್ ಜಾರುವವರು ಮೊದಲು ಇದನ್ನು ಕಲಿಯಿರಿ.

ಹೆಜ್ಜೆ 2: ಕೊಳ್ಳುವ ಮೊದಲು ಅಳೆಯಿರಿ

ಅಳತೆ ಇಲ್ಲದೆ ಸಾಮಾನು ಕೊಂಡರೆ ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯುವುದೇ ಇಲ್ಲ. ಮನೆಯಲ್ಲೇ ಎರಡು ಅಳತೆ ಸಾಕು. ಗಟ್ಟಿಯಾದ ಬಾರ್‌ಗೆ ಎರಡೂ ಕೈಯಲ್ಲಿ ಸುಮ್ನೆ ನೇತಾಡಿ, ಎಷ್ಟು ಸೆಕೆಂಡ್ ಆಯಿತು ಬರೆದಿಡಿ. 30 ಸೆಕೆಂಡ್ ದಾಟದಿದ್ದರೆ ನಿಮಗೆ ಸದ್ಯಕ್ಕೆ ಬಾರ್ ಬಿಟ್ಟು ಬೇರೇನೂ ಬೇಡ. 60 ಸೆಕೆಂಡ್ ಒಳ್ಳೆಯ ಮೊದಲ ಗುರಿ.

ಎರಡನೆಯದು ಪ್ಲೇಟ್ ಪಿಂಚ್. 5 ಕೆಜಿಯ ಎರಡು ಪ್ಲೇಟ್‌ಗಳ ನುಣುಪು ಬದಿ ಹೊರಗೆ ಬರುವಂತೆ ಜೋಡಿಸಿ, ಒಂದೇ ಕೈಯಲ್ಲಿ ಮೇಲಿನಿಂದ ಹಿಡಿದು ಎತ್ತಿ. ಹೆಬ್ಬೆರಳಿನ ಉಗುರು ಬೆಳ್ಳಗಾಗುತ್ತದೆ. ಒಂದು ಪ್ಲೇಟ್ ಮೆಲ್ಲ ಕೆಳಗೆ ಸರಿಯಲು ಶುರುವಾಗುತ್ತದೆ. ಅದು ಸರಿದ ಕ್ಷಣಕ್ಕೆ ಲೆಕ್ಕ ನಿಲ್ಲಿಸಿ, ಮತ್ತು ಪಾದವನ್ನು ದಾರಿಯಿಂದ ಆಚೆ ಇಟ್ಟುಕೊಳ್ಳಿ. ಡೆಡ್‌ಲಿಫ್ಟ್‌ನಲ್ಲಿ ಜೋರಾಗಿರುವ ಎಷ್ಟೋ ಹುಡುಗರು ಇದರಲ್ಲಿ 10 ಸೆಕೆಂಡ್ ನಿಲ್ಲುವುದಿಲ್ಲ.

ಹಿಂಡುವ ಬಲಕ್ಕೆ ಡೈನಮೋಮೀಟರ್ ಎಂಬ ಮೀಟರ್ ಇದೆ. ಫಿಸಿಯೋಥೆರಪಿ ವಿಭಾಗಗಳಲ್ಲಿ ಇರುತ್ತದೆ, ಮನೆಗೆ ಡಿಜಿಟಲ್ ಮಾದರಿಯೂ ಸಿಗುತ್ತದೆ. ಇದು ವ್ಯಾಯಾಮದ ಸಾಮಾನಲ್ಲ, ಅಳೆಯಲು ಮಾತ್ರ. ಆದರೆ ಮನೆಯಲ್ಲಿ ಹಿರಿಯರಿದ್ದರೆ ಇದು ದಂಡ ಅಲ್ಲ. ಏಷ್ಯಾದವರಿಗೆಂದು ತಜ್ಞರ ಗುಂಪು 2019ರಲ್ಲಿ ಕೊಟ್ಟ ಗಡಿ ಹೀಗಿದೆ: ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿ. ಅದಕ್ಕಿಂತ ಕೆಳಗಿದ್ದರೆ ಹಿಡಿತ ಕಡಿಮೆ ಎಂದರ್ಥ, ವಯಸ್ಸಿನಿಂದ ಸ್ನಾಯು ಕರಗುವುದನ್ನು ಪತ್ತೆ ಮಾಡಲು ಇದನ್ನು ಬಳಸುತ್ತಾರೆ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಿಡಿತ 5 ಕೆಜಿ ಕಡಿಮೆ ಇದ್ದಷ್ಟೂ ಸಾವಿನ ಅಪಾಯ 16 ಶೇಕಡಾ ಜಾಸ್ತಿ ಎಂದು ಅದು ಕಂಡುಕೊಂಡಿತು. ಗ್ರಿಪ್ಪರ್ ಒತ್ತಿದರೆ ಆಯುಷ್ಯ ಹೆಚ್ಚುತ್ತದೆ ಅಂತ ಇದರ ಅರ್ಥ ಅಲ್ಲ. ಇಡೀ ದೇಹದ ಬಲ ಎಷ್ಟಿದೆ ಎಂದು ಕೈ ತೋರಿಸಿಕೊಡುತ್ತದೆ, ಅಷ್ಟೆ.

ಹೆಜ್ಜೆ 3: ಮೊದಲು ಒಂದು ಲೋಡಿಂಗ್ ಪಿನ್ ಮಾಡಿಸಿ

ಒಂದು ಕಬ್ಬಿಣದ ಸಲಾಕೆ. ಕೆಳಗೆ ಪ್ಲೇಟ್ ಜಾರದಂತೆ ಒಂದು ಅಡಿತಟ್ಟೆ. ಮೇಲೆ ಕೊಕ್ಕೆ ಹಾಕಲು ಒಂದು ಬಳೆ. ಇದೇ ಲೋಡಿಂಗ್ ಪಿನ್. ಸಲಾಕೆಗೆ ಪ್ಲೇಟ್ ಪೋಣಿಸಿ, ಮೇಲಿನ ಬಳೆಗೆ ಬೇಕಾದ ಹಿಡಿ ಸಿಕ್ಕಿಸಿ ಎತ್ತುವುದು. ಪಿಂಚ್ ಹಲಗೆ, ದಪ್ಪ ಕೊಳವೆ, ಹಗ್ಗದ ತುಂಡು, ಬೈರಾಸು (ಟವೆಲ್), ಯಾವುದನ್ನೂ ಸಿಕ್ಕಿಸಬಹುದು. ಅರ್ಧ ಕೆಜಿಯ ಲೆಕ್ಕದಲ್ಲೂ ಭಾರ ಏರಿಸಬಹುದು. ನಾನು ಮೊದಲು ಹೇಳಿದ ಎರಡು ಪ್ರಶ್ನೆಗೂ ಇಷ್ಟು ಚೆನ್ನಾಗಿ ಉತ್ತರ ಕೊಡುವ ಸಾಮಾನು ಇನ್ನೊಂದಿಲ್ಲ.

ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಭಾರದ ಕಬ್ಬಿಣಕ್ಕೆ ಸಾಗಣೆ ಖರ್ಚು ಕೊಡುವ ಬದಲು ಇಲ್ಲೇ ಮಾಡಿಸುವುದು ಲೇಸು. ಗೇಟು, ಗ್ರಿಲ್ ಮಾಡುವ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಆಗುವ ಕೆಲಸ.

ಅಲ್ಲಿ ಹೇಳಬೇಕಾದದ್ದು ಇಷ್ಟು. ಮನೆಯ ಡಂಬೆಲ್ ಸೆಟ್‌ನ ಪ್ಲೇಟ್ ಆದರೆ ತೂತು ಸುಮಾರು 30 ಮಿ.ಮೀ. ಇರುತ್ತದೆ, ಅದಕ್ಕೆ 25 ಮಿ.ಮೀ. ಗುಂಡು ಸಲಾಕೆ ಸರಿ. ಜಿಮ್ಮಿನ ಒಲಿಂಪಿಕ್ ಪ್ಲೇಟ್‌ನ ತೂತು 50 ಮಿ.ಮೀ. ಸಪೂರ ಸಲಾಕೆಯಲ್ಲಿ ಅವು ಓಲಾಡುತ್ತವೆ, ಆದರೆ ಕೆಲಸ ನಡೆಯುತ್ತದೆ. ಉದ್ದ 40 ಸೆಂ.ಮೀ. ಸಾಕು, ಜಾಸ್ತಿಯಾದರೆ ಎತ್ತುವಾಗ ನೆಲಕ್ಕೆ ತಾಗುತ್ತದೆ. ಅಡಿತಟ್ಟೆ 6 ಮಿ.ಮೀ. ದಪ್ಪದ್ದು, ಅಂಗೈಯಗಲ. ಮೇಲಿನ ಬಳೆಗೆ 10 ಮಿ.ಮೀ. ಸರಳನ್ನು ಬಗ್ಗಿಸಿ ಸುತ್ತಲೂ ಪೂರ್ತಿ ವೆಲ್ಡ್ ಮಾಡಲು ಹೇಳಿ. ಎರಡು ಚುಕ್ಕಿ ಇಟ್ಟು ಬಿಡುವುದಲ್ಲ.

ಹೋಗಿ ಕೇಳಿದರೆ ಮೊದಲು ಬರುವ ಪ್ರಶ್ನೆ ಗೊತ್ತೇ ಇದೆ. "ಇದು ಎಂತಕ್ಕೆ ಮಾರಾಯ್ರೆ? ಎಷ್ಟು ಕೆಜಿ ನೇತು ಹಾಕ್ತೀರಿ?" "100 ಕೆಜಿ ತಡೆಯುವ ಹಾಗೆ ಮಾಡಿ ಅಣ್ಣ" ಅನ್ನಿ. ನೀವು ಅಷ್ಟು ಎತ್ತದಿದ್ದರೂ ಪರವಾಗಿಲ್ಲ, ವೆಲ್ಡ್ ಗಟ್ಟಿಯಾಗಿ ಬೀಳುತ್ತದೆ. ಸಲಾಕೆಯ ತೂಕಕ್ಕೆ ಅವರಲ್ಲಿ ಒಂದು ಲೆಕ್ಕ ಉಂಟು: ಮಿ.ಮೀ.ನಲ್ಲಿ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 25 ಮಿ.ಮೀ.ಗೆ ಸುಮಾರು 3.86 ಕೆಜಿ. ನಿಮ್ಮ 40 ಸೆಂ.ಮೀ. ತುಂಡು ಒಂದೂವರೆ ಕೆಜಿ. ತಟ್ಟೆ, ಬಳೆ ಸೇರಿ ಎಷ್ಟಾಯಿತು ಅಂತ ತಕ್ಕಡಿಯಲ್ಲಿಟ್ಟು ನೋಡಿ, ಪಿನ್ ಮೇಲೆ ಬರೆದಿಡಿ.

ಕೊಕ್ಕೆಗೆ ಕೀಚೈನಿನ ಅಲ್ಯೂಮಿನಿಯಂ ಹುಕ್ ಬಳಸಲೇಬೇಡಿ. ಮಲ್ಪೆಯಲ್ಲಾಗಲಿ ಮಂಗಳೂರು ಬಂದರಿನಲ್ಲಾಗಲಿ ಬೋಟಿನ ಸಾಮಾನು ಮಾರುವ ಅಂಗಡಿಗೆ ಹೋದರೆ ಗ್ಯಾಲ್ವನೈಸ್ ಮಾಡಿದ (ಸತು ಲೇಪಿಸಿದ) ಡಿ-ಶ್ಯಾಕಲ್, ಅಂದರೆ ಡಿ ಆಕಾರದ ಕೊಂಡಿ, ಸಿಗುತ್ತದೆ. ಸಮುದ್ರದ ನೀರಿಗೆಂದೇ ಮಾಡಿದ್ದು, ಬೇಗ ತುಕ್ಕು ಹಿಡಿಯುವುದಿಲ್ಲ. ಸಣ್ಣ ಏರಿಕೆಗೆ 1.25 ಕೆಜಿ ಪ್ಲೇಟ್ ಇರಲಿ. ಅದಕ್ಕಿಂತಲೂ ಸಣ್ಣದು ಬೇಕಾದರೆ ಹಳೆಯ ದಿನಸಿ ಅಂಗಡಿಯ ಕಬ್ಬಿಣದ ತೂಕದ ಕಲ್ಲು, 500 ಗ್ರಾಂ, 200 ಗ್ರಾಂ, ಗುಜರಿ ಅಂಗಡಿಯಲ್ಲಿ ಹುಡುಕಿ. ಪಿಂಚ್‌ನಲ್ಲಿ 500 ಗ್ರಾಂ ಏರಿಸುವುದೂ ದೊಡ್ಡ ಸಂಗತಿ.

ಹೆಜ್ಜೆ 4: ಪಿನ್‌ಗೆ ಸಿಕ್ಕಿಸುವ ಹಿಡಿಗಳು

ಪಿಂಚ್ ಹಲಗೆಗೆ ಬಡಗಿಯ ಹತ್ತಿರ ಉಳಿದ ಮರದ ತುಂಡು ಸಾಕು. ಹಲಸು, ಸಾಗುವಾನಿ ಯಾವುದಾದರೂ ಆಗುತ್ತದೆ. ದಪ್ಪ 50 ಮಿ.ಮೀ., ಎತ್ತರ 10 ಸೆಂ.ಮೀ., ಉದ್ದ 15 ಸೆಂ.ಮೀ. ಅಡಿಭಾಗದ ನಡುವಿಗೆ ಐ-ಬೋಲ್ಟ್, ಅಂದರೆ ತಲೆಯಲ್ಲಿ ಬಳೆ ಇರುವ ಬೋಲ್ಟ್, ಹಾಕಿಸಿ. ಬೋಲ್ಟ್ ಮರದ ಮೇಲಿನವರೆಗೆ ಹಾದು ನಟ್ ಬಿಗಿದಿರಬೇಕು. ಬರೀ ಸ್ಕ್ರೂ ಆದರೆ ಒಂದು ದಿನ ಕಿತ್ತು ಬರುತ್ತದೆ. ಅಂಚುಗಳನ್ನು ಮರಳು ಕಾಗದದಲ್ಲಿ ಗುಂಡಗೆ ಮಾಡಿಸಿ, ಆದರೆ ಪಾಲಿಶ್, ವಾರ್ನಿಶ್ ಬೇಡ. ಹಾಗೇ ಬಿಟ್ಟ ಮರ ಬೆವರು ಹೀರುತ್ತದೆ, ಹಿಡಿತ ದಿನವೂ ಒಂದೇ ರೀತಿ ಇರುತ್ತದೆ.

ದಪ್ಪ ಹಿಡಿಗೆ ಪ್ಲಂಬಿಂಗ್ ಅಂಗಡಿಯ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಬಹಳ ಒಳ್ಳೆಯದು. ಇದರಲ್ಲಿ ಒಂದು ಸಂಗತಿ ತಿಳಿದಿರಬೇಕು: ಅಂಗಡಿಯಲ್ಲಿ ಹೇಳುವ ಇಂಚು ಹೊರಗಿನ ಅಳತೆ ಅಲ್ಲ. ಒಂದೂವರೆ ಇಂಚಿನ ಪೈಪ್ ಹೊರಗೆ ಸುಮಾರು 48 ಮಿ.ಮೀ. ದಪ್ಪ ಇರುತ್ತದೆ. ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಯ ದಪ್ಪ ಬಾರ್‌ಗೆ ಇದು ತೀರಾ ಹತ್ತಿರ. ಎರಡು ಇಂಚಿನದು ಹೊರಗೆ ಸುಮಾರು 60 ಮಿ.ಮೀ. ರೋಲಿಂಗ್ ಥಂಡರ್ ಎಂಬ ಹೆಸರಾದ ಅಮೆರಿಕದ ಹಿಡಿಯ ದಪ್ಪವೂ ಅಷ್ಟೇ. ಹೋಲಿಕೆಗೆ ಹೇಳುವುದಾದರೆ ಗಂಡಸರ ವೇಟ್‌ಲಿಫ್ಟಿಂಗ್ ಬಾರ್ 28 ಮಿ.ಮೀ., ಹೆಂಗಸರದ್ದು 25 ಮಿ.ಮೀ.

ಮೊದಲು ಒಂದೂವರೆ ಇಂಚಿನದನ್ನೇ ತೆಗೆದುಕೊಳ್ಳಿ. 15 ಸೆಂ.ಮೀ. ತುಂಡು ಕತ್ತರಿಸಿ, ಒಳಗಿಂದ ಗಟ್ಟಿ ಹಗ್ಗ ತೂರಿಸಿ ಎರಡೂ ತುದಿಯನ್ನು ಕೆಳಗೆ ಶ್ಯಾಕಲ್‌ಗೆ ಕಟ್ಟಿ. ಕತ್ತರಿಸಿದ ಅಂಚನ್ನು ಅರದಲ್ಲಿ ಉಜ್ಜದಿದ್ದರೆ ಹಗ್ಗ ಕೊಯ್ದುಹೋಗುತ್ತದೆ. ಪೈಪ್ ಹಗ್ಗದ ಮೇಲೆ ತಿರುಗುತ್ತದೆ. ಆ ತಿರುಗುವಿಕೆಯೇ ಬೇಕಾದದ್ದು, ಬೆರಳು ಕ್ಷಣಕ್ಕೂ ಸಡಿಲವಾಗುವಂತಿಲ್ಲ. ಕಬಡ್ಡಿ ಹುಡುಗರಿಗೆ ಒಂದೇ ಸಾಮಾನು ಕೊಡಿಸುವುದಾದರೆ ನಾನು ಇದನ್ನೇ ಕೊಡಿಸುತ್ತೇನೆ.

ಜಿಮ್ಮಿನ ಬಾರ್‌ಗೆ ಸಿಕ್ಕಿಸುವ ರಬ್ಬರ್ ಹಿಡಿಗಳೂ ಇವೆ. ಫ್ಯಾಟ್ ಗ್ರಿಪ್ಜ್ ಇದರಲ್ಲಿ ಹೆಸರಾದದ್ದು, ದಪ್ಪ ಸುಮಾರು 57 ಮಿ.ಮೀ. ಮಾಮೂಲು ವ್ಯಾಯಾಮವನ್ನೇ ದಪ್ಪ ಹಿಡಿತದಲ್ಲಿ ಮಾಡಬಹುದು ಎನ್ನುವುದು ಇದರ ಲಾಭ. ಮೆತ್ತಗಿನ ಸ್ಪಂಜಿನ ನಕಲು ಕೊಳ್ಳಬೇಡಿ. ಹಿಂಡಿದಾಗ ಅದು ಒಳಗೆ ಕುಸಿದು ಸಪೂರ ಆಗುತ್ತದೆ, ಅಲ್ಲಿಗೆ ಉದ್ದೇಶವೇ ಹೋಯಿತು.

ಹೆಜ್ಜೆ 5: ಗ್ರಿಪ್ಪರ್ ಕೊಳ್ಳುವುದಾದರೆ

200-300 ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಗ್ರಿಪ್ಪರ್‌ನಲ್ಲಿ ತಿರುಪು ತಿರುಗಿಸಿದರೆ 10ರಿಂದ 60 ಕೆಜಿವರೆಗೆ ಹೋಗುತ್ತದೆ ಎಂದು ಬರೆದಿರುತ್ತದೆ. ಆ ಅಂಕಿಯನ್ನು ನಂಬಬೇಡಿ. ಹೊಸಬರಿಗೆ, ಹಿರಿಯರಿಗೆ, ಕೈಗೆ ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವವರಿಗೆ ಇದು ಸಾಕಾಗುತ್ತದೆ. ಜಿಮ್ಮಿಗೆ ಹೋಗುವವರು ಕೆಲವೇ ವಾರದಲ್ಲಿ ಇದರ ತುದಿ ಮುಟ್ಟಿರುತ್ತಾರೆ.

ಅದರ ಮೇಲಿನದು ಉಕ್ಕಿನ ಸುರುಳಿ ಸ್ಪ್ರಿಂಗ್, ಲೋಹದ ಎರಡು ಹಿಡಿ ಇರುವ ಗ್ರಿಪ್ಪರ್. ಇದರಲ್ಲಿ ಐರನ್‌ಮೈಂಡ್ ಕಂಪನಿಯ ಕ್ಯಾಪ್ಟನ್ಸ್ ಆಫ್ ಕ್ರಶ್ ಎಲ್ಲರೂ ಹೋಲಿಸಿ ನೋಡುವ ಮಾದರಿ. ಅದರಲ್ಲಿ ಟ್ರೈನರ್ ಎಂಬ ಮಾದರಿಯ ಬಿಗಿ 100 ಪೌಂಡ್, ಅಂದರೆ ಸುಮಾರು 45 ಕೆಜಿ. ನಂಬರ್ 1 ಎಂದರೆ 140 ಪೌಂಡ್, ನಂಬರ್ 2 ಎಂದರೆ 195, ನಂಬರ್ 3 ಎಂದರೆ 280, ನಂಬರ್ 4 ಎಂದರೆ 365 ಪೌಂಡ್. ನಂಬರ್ 3 ಮುಚ್ಚಿದವರಿಗೆ ಕಂಪನಿ ಪ್ರಮಾಣಪತ್ರ ಕೊಡುತ್ತದೆ. ಅದು ಜಗತ್ತಿನಲ್ಲೇ ಮರ್ಯಾದೆಯ ಸಾಧನೆ. ನಂಬರ್ 1ರಿಂದ 2ಕ್ಕೆ 55 ಪೌಂಡ್, ಸುಮಾರು 25 ಕೆಜಿಯ ನೆಗೆತ ಎನ್ನುವುದನ್ನು ಗಮನಿಸಿ. ನಡುವೆ ಒಂದೂವರೆ ನಂಬರ್ ಇದ್ದರೂ ನೆಗೆತ ದೊಡ್ಡದೇ. ಗ್ರಿಪ್ಪರ್ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಪ್ರತಿ ಮೆಟ್ಟಿಲಿಗೂ ಹೊಸದು ಕೊಳ್ಳಬೇಕು.

ಒಂದು ಕಂಪನಿಯ 150 ಪೌಂಡ್ ಇನ್ನೊಂದರ 150 ಪೌಂಡ್ ಅಲ್ಲ. ಕಂಪನಿಗಳು ಅಳೆಯುವ ರೀತಿ ಬೇರೆ ಬೇರೆ. ನಿಜವಾದ ಭಾರ ತಿಳಿಯಬೇಕಾದರೆ ನಿಮ್ಮ ಲೋಡಿಂಗ್ ಪಿನ್ನೇ ಸಾಕು. ಲೇತ್ ಅಂಗಡಿಯ ವೈಸ್‌ನಲ್ಲಿ ಒಂದು ಹಿಡಿಯನ್ನು ಅಲುಗದಂತೆ ಬಿಗಿಯಿರಿ. ಇನ್ನೊಂದು ಹಿಡಿ ಮೇಲೆ ಬರಬೇಕು. ಅದರ ತುದಿಗೆ ಪಟ್ಟಿ ಹಾಕಿ ಪಿನ್ ನೇತು ಹಾಕಿ. ಎರಡು ಹಿಡಿ ತಾಗುವಷ್ಟು ಪ್ಲೇಟ್ ಏರಿಸುತ್ತಾ ಹೋಗಿ. ತಾಗಿದಾಗ ಇರುವ ತೂಕವೇ ಅದರ ಅಳತೆ. ಗ್ರಿಪ್ಪರ್ ಸ್ಪರ್ಧೆಯವರೂ ಇದೇ ಬಗೆಯಲ್ಲಿ ಅಳೆಸುತ್ತಾರೆ.

ಯಾವುದರಿಂದ ಶುರು ಮಾಡಬೇಕು? ಸರಿಯಾಗಿ ಮುಚ್ಚಿ, 5ರಿಂದ 8 ಸಲ ಮಾಡಲು ಬರುವಂಥದ್ದು ಒಂದು. ಒಂದೇ ಒಂದು ಸಲ ಕಷ್ಟಪಟ್ಟು ಮುಚ್ಚುವಂಥದ್ದು, ಅಥವಾ ಕೂದಲೆಳೆಯಷ್ಟು ಉಳಿಯುವಂಥದ್ದು ಇನ್ನೊಂದು. ಎರಡು ಸಾಕು, ಐದರ ಸೆಟ್ ಬೇಡ. ಸ್ಪ್ರಿಂಗ್‌ನ ಬಿಗಿ ಕೊನೆಯ ಒಂದು ಸೆಂ.ಮೀ.ನಲ್ಲಿ ಅತಿ ಹೆಚ್ಚು. ಅರ್ಧ ಮುಚ್ಚಿ ಬಿಡುವುದು ಲೆಕ್ಕಕ್ಕಿಲ್ಲ. ಮೇಲಿನ ನಂಬರ್ ಮುಚ್ಚಲು ಬರುವ ತನಕ ಎರಡೂ ಕೈಯಿಂದ ಮುಚ್ಚಿ, ಒಂದು ಕೈ ತೆಗೆದು, ತೆರೆಯದಂತೆ 5 ಸೆಕೆಂಡ್ ತಡೆದು ನಿಲ್ಲಿಸಿ. ಆ ದೊಡ್ಡ ನೆಗೆತಕ್ಕೆ ಇದು ಒಳ್ಳೆಯ ಉಪಾಯ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ಹಿಡಿಯ ನರ್ಲಿಂಗ್, ಅಂದರೆ ಲೋಹದ ಮೇಲೆ ಕೊರೆದ ಒರಟು ಗೀರು, ಚರ್ಮಕ್ಕೆ ಕಚ್ಚುತ್ತದಾ ನೋಡಿ. ರಬ್ಬರ್ ಅಥವಾ ಸ್ಪಂಜ್ ಸುತ್ತಿದ್ದು ನಮ್ಮ ಸೆಕೆಗೆ ನಿಲ್ಲುವುದಿಲ್ಲ. ಬೆವರಿಗೆ ಅದು ಹಿಡಿಯ ಮೇಲೆ ತಿರುಗಲು ಶುರುವಾಗುತ್ತದೆ. ನಿಮ್ಮ ಕೈ ಸಣ್ಣದಾಗಿದ್ದರೆ ತೆರೆದಾಗ ಹಿಡಿಗಳ ನಡುವಿನ ಅಂತರವನ್ನೂ ಗಮನಿಸಿ.

ಹೆಜ್ಜೆ 6: ನೇತಾಡಲು ಬಾರ್, ಹಗ್ಗ, ಬೈರಾಸು

ಪುಲ್-ಅಪ್ ಬಾರ್‌ಗೆ ಒಂದು ಇಂಚಿನ ಜಿಐ ಪೈಪ್ ಹಿತವಾದ ದಪ್ಪ, ಹೊರಗೆ ಸುಮಾರು 34 ಮಿ.ಮೀ. ಆದರೆ ಎಲ್ಲಿ ಕಟ್ಟುತ್ತೀರಿ ಎನ್ನುವುದು ನಮ್ಮ ಕಡೆ ದೊಡ್ಡ ವಿಷಯ. ಮಂಗಳೂರು, ಉಡುಪಿಯ ಮನೆಗಳಲ್ಲಿ ಗೋಡೆ ಹೆಚ್ಚಾಗಿ ಕೆಂಪುಕಲ್ಲಿನದು. ಅದರೊಳಗೆ ತೂತು, ಪೊಳ್ಳು ಜಾಸ್ತಿ. ಮಾಮೂಲು ಆಂಕರ್ ಬೋಲ್ಟ್ ಅದರಲ್ಲಿ ಸರಿಯಾಗಿ ಕಚ್ಚುವುದಿಲ್ಲ. ನೇತಾಡಿದಾಗ ಕಲ್ಲು ಪುಡಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ಗೋಡೆಯ ಆಚೆ ಬದಿಗೆ ತಟ್ಟೆ ಕೊಟ್ಟು ಪೂರ್ತಿ ಹಾಯಿಸಿದ ಬೋಲ್ಟ್ ಹಾಕಿಸಿ. ಇಲ್ಲವೇ ಕಾಂಕ್ರೀಟ್ ಬೀಮ್‌ಗೆ ಕಟ್ಟಿ. ಹಂಚಿನ ಮನೆಯ ಪಕ್ಕಾಸಿಗೆ ನೇತಾಡಲೇಬೇಡಿ. ದಪ್ಪ ತೊಲೆ ಆಗಬಹುದು, ಗೆದ್ದಲು ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ. ಬಾಗಿಲ ಚೌಕಟ್ಟಿಗೆ ಎರಡು ಕಡೆ ಒತ್ತಿ ನಿಲ್ಲಿಸುವ ಬಾರ್‌ಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಬಾರ್ ಇದ್ದರೆ ಅದರ ಮೇಲೆ ಬೈರಾಸು ಹಾಕಿ, ಎರಡು ತುದಿ ಹಿಡಿದು ನೇತಾಡಿ. ಖರ್ಚಿಲ್ಲ, ಹಿಡಿತಕ್ಕೆ ಇದರಷ್ಟು ಕಟುವಾದ ಕೆಲಸ ಬೇರೆ ಕಡಿಮೆ. ಹಳೇ ಜೀರ್ಣವಾದ ಬೈರಾಸು ಮಾತ್ರ ಬೇಡ.

ಹಗ್ಗಜಗ್ಗಾಟದ ತಂಡದವರು ಹಗ್ಗದಲ್ಲೇ ಅಭ್ಯಾಸ ಮಾಡಬೇಕು. ಅಂತಾರಾಷ್ಟ್ರೀಯ ನಿಯಮದಲ್ಲಿ ಹಗ್ಗದ ಸುತ್ತಳತೆ 10ರಿಂದ 12.5 ಸೆಂ.ಮೀ., ಅಂದರೆ ದಪ್ಪ 32ರಿಂದ 40 ಮಿ.ಮೀ. ಬಂದರಿನ ಹಗ್ಗದ ಅಂಗಡಿಯಲ್ಲಿ ಈ ದಪ್ಪದ್ದು ಕೇಳಿ ಒಂದೆರಡು ಮೀಟರ್ ಕೊಂಡು ಬಾರ್‌ಗೆ ಹಾಕಿ. ಬೋಟಿನ ನೈಲಾನ್ ಹಗ್ಗ ನುಣುಪು, ಅದರಲ್ಲಿ ಹಿಡಿತ ಕಲಿತವರಿಗೆ ಒರಟು ಹಗ್ಗ ಸುಲಭವಾಗುತ್ತದೆ.

ಬಂಡೆ ಹತ್ತುವವರ ಹ್ಯಾಂಗ್‌ಬೋರ್ಡ್, ಅಂದರೆ ಬೆರಳ ತುದಿ ಊರಿ ನೇತಾಡುವ ಹಲಗೆ, ಚೆಂದದ ಸಾಮಾನು. ಆದರೆ ಬೆರಳ ತುದಿಯಲ್ಲಿ ಇಡೀ ದೇಹ ನೇತಾಡಿದಾಗ ಟೆಂಡನ್ ಹಿಡಿದಿಡುವ ಆ ಸಣ್ಣ ಉಂಗುರಗಳು ಹರಿಯುವ ಅಪಾಯ ಇದೆ. ಒಂದು ವರ್ಷದ ಅಭ್ಯಾಸ ಇಲ್ಲದವರು ಅದರ ಹತ್ತಿರ ಹೋಗಬಾರದು.

ಸಣ್ಣಪುಟ್ಟದ್ದು

ಬೆರಳು ಬಿಡಿಸುವ ಸ್ನಾಯುಗಳಿಗೆ ದಪ್ಪ ರಬ್ಬರ್ ಬ್ಯಾಂಡ್ ಸಾಕು. ಐದೂ ಬೆರಳ ತುದಿಗೆ ಹಾಕಿ ಬಿಡಿಸಿ, ಸುಲಭವಾದರೆ ಇನ್ನೊಂದು ಸೇರಿಸಿ. ಇದನ್ನು ಬಿಟ್ಟು ಬರೀ ಹಿಂಡುತ್ತಾ ಇದ್ದವರೇ ಮೊಣಕೈ ನೋವು ಅಂತ ಬರುವುದು ಜಾಸ್ತಿ.

ಮಣಿಗಂಟಿಗೆ ರೋಲರ್: ಹಿಡಿಯಲು ಪೈಪ್, ನಡುವಿಗೆ ಹಗ್ಗ, ತುದಿಗೆ ಅದೇ ಲೋಡಿಂಗ್ ಪಿನ್. ಬೇರೆ ಕೊಳ್ಳುವುದು ಏನೂ ಇಲ್ಲ. ಊರಿನ ಹಳೆಯ ವ್ಯಾಯಾಮಶಾಲೆಯಲ್ಲಿ ಗದೆ ತಿರುಗಿಸಲು ಬಿಟ್ಟರೆ ಖಂಡಿತ ಕಲಿಯಿರಿ, ಆದರೆ ಹೇಳಿಕೊಡುವವರು ಹತ್ತಿರ ಇರಲಿ.

ಬಕೆಟ್ ಅಕ್ಕಿಯೊಳಗೆ ಕೈ ಹಾಕಿ ತಿರುಗಿಸುವ ವ್ಯಾಯಾಮ ಒಳ್ಳೆಯದೇ. ನಮ್ಮಲ್ಲಿ ಅಕ್ಕಿಯನ್ನು ಹಾಗೆ ಬಳಸಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ, ಮಳೆಗಾಲದಲ್ಲಿ ಹುಳವೂ ಆಗುತ್ತದೆ. ತೊಳೆದು ಒಣಗಿಸಿದ ಮರಳು ಅದೇ ಕೆಲಸ ಮಾಡುತ್ತದೆ. ಸಮುದ್ರದ ಮರಳು ತರಬೇಡಿ, ಉಪ್ಪಿಗೆ ಚರ್ಮ ಒಡೆಯುತ್ತದೆ.

ಭಾರ ಹೊತ್ತು ನಡೆಯಲು 20 ಲೀಟರಿನ ಎರಡು ನೀರಿನ ಕ್ಯಾನ್ ಆಗುತ್ತದೆ, ಒಂದೊಂದು 20 ಕೆಜಿಗಿಂತ ಸ್ವಲ್ಪ ಜಾಸ್ತಿ.

ಇವಕ್ಕೆ ದುಡ್ಡು ಹಾಕಬೇಡಿ

ಬಲ ಬೆಳೆಸಲೆಂದು ಮೆತ್ತನೆಯ ಚೆಂಡು ಕೊಳ್ಳಬೇಡಿ, ಅದು ಚೇತರಿಕೆಗೆ ಮಾತ್ರ. ಒಂದೊಂದು ಬೆರಳಿಗೆ ಒಂದೊಂದು ಗುಂಡಿ ಇರುವ ಪ್ಲಾಸ್ಟಿಕ್ ಸಾಮಾನು ಬಲಕ್ಕೆ ಸಾಲದು. ತಿರುಗುವ ಗೈರೋ ಚೆಂಡು ಮಜಾ ಕೊಡುತ್ತದೆ, ಆದರೆ ಎಷ್ಟು ಭಾರ ಅಂತ ಅಳೆಯಲು ಬರುವುದಿಲ್ಲ. ಗ್ರಿಪ್ಪರ್, ಚೆಂಡು, ರಿಂಗ್ ಎಲ್ಲ ಸೇರಿಸಿ ಬರುವ ಐದು ಸಾಮಾನಿನ ಪೆಟ್ಟಿಗೆಯಲ್ಲಿ ಕೆಲಸಕ್ಕೆ ಬರುವುದು ಒಂದೋ ಎರಡೋ. ಜಿಮ್ ಗ್ಲೌಸ್ ಹಿಡಿತವನ್ನು ಬೆಳೆಸುವುದಿಲ್ಲ. ಸ್ಟ್ರಾಪ್, ಅಂದರೆ ಮಣಿಗಂಟಿನಿಂದ ಬಾರ್‌ಗೆ ಸುತ್ತುವ ಪಟ್ಟಿ, ಬೇಡ ಅಂತ ಹೇಳುವುದಿಲ್ಲ. ಬೆನ್ನಿನ ಭಾರವಾದ ಕೊನೆಯ ಸೆಟ್‌ಗೆ ಅದು ಸರಿ, ಮೊದಲ ಸೆಟ್‌ಗೆ ಅಲ್ಲ.

ಉಪ್ಪುಗಾಳಿ ಮತ್ತು ಬೆವರು

ಕಡಲ ಬದಿಯ ಗಾಳಿಯಲ್ಲಿ ಕಬ್ಬಿಣದ ಸಾಮಾನು ಇಡುವುದೇ ಒಂದು ಕೆಲಸ. ವೆಲ್ಡಿಂಗ್ ಅಂಗಡಿಯಿಂದ ತಂದ ಪಿನ್‌ಗೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಆಮೇಲೆ ಬಣ್ಣ ಹೊಡೆಯಿರಿ. ಜಿಐ ಪೈಪ್‌ಗೆ ಬೇಡ, ಅದರ ಸತುವಿನ ಲೇಪ ಕಾಯುತ್ತದೆ. ಅರ ಹಾಕಿದ ಅಂಚಿಗೆ ಮಾತ್ರ ಸ್ವಲ್ಪ ಬಣ್ಣ ಮುಟ್ಟಿಸಿ. ಗ್ರಿಪ್ಪರ್ ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ತಿಂಗಳಿಗೊಮ್ಮೆ ಸ್ಪ್ರಿಂಗ್ ಸುರುಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಹಾಕಿ. ತೆಂಗಿನೆಣ್ಣೆ ಮನೆಯಲ್ಲಿ ಇರುತ್ತದೆ ಅಂತ ಅದನ್ನೇ ಹಾಕಬೇಡಿ, ಕೆಲ ಸಮಯದಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿಡಿ, ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಜೊತೆಗೆ ಹಾಕಿ.

ಕೈ ಬೆವರಿಗೆ ಜಿಮ್ ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಬೇಕು. ಮುಖದ ಪೌಡರ್, ಕೇರಂ ಪೌಡರ್ ಹಚ್ಚಿದರೆ ಇನ್ನೂ ಜಾರುತ್ತದೆ, ಇವು ಜಾರಿಸಲೆಂದೇ ಇರುವ ಪುಡಿಗಳು. ನಿಮ್ಮ ಜಿಮ್ಮಿನಲ್ಲಿ ಚಾಕ್ ಬಿಡದಿದ್ದರೆ ದ್ರವ ಚಾಕ್ ಕೇಳಿ ನೋಡಿ. ಅದರ ಸ್ಪಿರಿಟ್ ಆರಿ ತೆಳು ಪದರ ಉಳಿಯುತ್ತದೆ, ನೆಲಕ್ಕೆ ಉದುರುವುದು ಕಡಿಮೆ. ಅಂಗೈಯ ದಡ್ಡು ಉಬ್ಬಿದರೆ ಸ್ನಾನದ ನಂತರ ಕಾಲು ಉಜ್ಜುವ ಕಲ್ಲಿನಲ್ಲಿ ಸಮ ಮಾಡಿ. ಬ್ಲೇಡ್ ಹಾಕಬೇಡಿ. ತೆಂಗಿನೆಣ್ಣೆಗೆ ಇಲ್ಲಿ ಕೆಲಸ ಉಂಟು, ರಾತ್ರಿ ಹಚ್ಚಿ ಮಲಗಿ.

ವಾರಕ್ಕೆ ಎಷ್ಟು, ಯಾವಾಗ ನಿಲ್ಲಿಸಬೇಕು

ವಾರಕ್ಕೆ ಎರಡು ದಿನದಿಂದ ಶುರು ಮಾಡಿ, ಮುಖ್ಯ ವ್ಯಾಯಾಮ ಮುಗಿದ ಮೇಲೆ 15 ನಿಮಿಷ. ಒಂದು ದಿನ ಪಿಂಚ್ ಹಲಗೆ ಮತ್ತು ನೇತಾಟ. ಇನ್ನೊಂದು ದಿನ ದಪ್ಪ ಹಿಡಿ ಮತ್ತು ಗ್ರಿಪ್ಪರ್. ಒಂದೊಂದರಲ್ಲಿ ಮೂರು ಸೆಟ್. ಪಿಂಚ್, ದಪ್ಪ ಹಿಡಿಯಲ್ಲಿ 10 ಸೆಕೆಂಡ್ ಹಿಡಿಯಲು ಬರುವ ಭಾರ ಇಡಿ. ಮೂರೂ ಸೆಟ್ 15 ಸೆಕೆಂಡ್ ಆದ ದಿನ ಮುಂದಿನ ಸಲಕ್ಕೆ 500 ಗ್ರಾಂನಿಂದ 1.25 ಕೆಜಿ ಏರಿಸಿ. ಎರಡು ದಿನವೂ ಕೊನೆಗೆ ರಬ್ಬರ್ ಬ್ಯಾಂಡ್. ಉತ್ಸಾಹದಲ್ಲಿ ದಿನಾ ಮಾಡಲು ಹೋಗಬೇಡಿ. ಸ್ನಾಯು ಬೇಗ ಬಲಗೊಳ್ಳುತ್ತದೆ, ಟೆಂಡನ್ ನಿಧಾನ.

ಮೊಣಕೈಯ ಒಳ ಅಥವಾ ಹೊರ ಮೂಳೆಯ ಹತ್ತಿರ ಒತ್ತಿದರೆ ನೋವಾಗುವುದು, ಬೆಳಗ್ಗೆ ಎದ್ದಾಗ ಬೆರಳು ಸಿಕ್ಕಿಹಾಕಿಕೊಂಡು ಟಕ್ ಅಂತ ಬಿಡಿಸಿಕೊಳ್ಳುವುದು, ರಾತ್ರಿ ಹೆಬ್ಬೆರಳು ತೋರುಬೆರಳು ಜೋಮು ಹಿಡಿಯುವುದು, ಇವುಗಳಲ್ಲಿ ಯಾವುದು ಬಂದರೂ ನಿಲ್ಲಿಸಿ ಡಾಕ್ಟರರಿಗೆ ತೋರಿಸಿ. ಬಿಗಿಯಾಗಿ ಹಿಡಿದು ನಿಲ್ಲುವಾಗ ರಕ್ತದೊತ್ತಡ ಏರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಮೊದಲೇ ಕೇಳಿಕೊಳ್ಳಿ. ಯಾರೇ ಆಗಲಿ ಉಸಿರು ಕಟ್ಟಿ ಹಿಡಿಯಬೇಡಿ.

ಕೊಳ್ಳುವ ಕ್ರಮ

ಮೊದಲು ಬಾರ್ ಮತ್ತು ರಬ್ಬರ್ ಬ್ಯಾಂಡ್. 60 ಸೆಕೆಂಡ್ ನೇತಾಡಲು ಬಂದ ಮೇಲೆ ಲೋಡಿಂಗ್ ಪಿನ್, ಪಿಂಚ್ ಹಲಗೆ. ಒಂದೆರಡು ತಿಂಗಳ ನಂತರ ಒಂದೂವರೆ ಇಂಚಿನ ಪೈಪ್. ಹಿಂಡುವ ಬಲವೇ ಬೇಕು ಅನ್ನುವವರಿಗೆ ಮಾತ್ರ ಆಮೇಲೆ ಲೋಹದ ಗ್ರಿಪ್ಪರ್. ಎರಡು ಇಂಚಿನ ಪೈಪ್‌ಗೆ ಹೋಗುವುದು ಒಂದೂವರೆ ಇಂಚಿನದರಲ್ಲಿ ಒಂದೇ ಕೈಯಲ್ಲಿ ನಿಮ್ಮ ತೂಕದ ಅರ್ಧ ಎತ್ತಲು ಬಂದ ಮೇಲೆ. ಅಲ್ಲಿಯವರೆಗೆ ಉಳಿದ ದುಡ್ಡನ್ನು ಪ್ಲೇಟ್‌ಗೆ ಹಾಕಿ, ಅದೂ 1.25 ಕೆಜಿಯ ಸಣ್ಣ ಪ್ಲೇಟ್‌ಗೆ.